ಕೋಶಗಳಿಗೆ ಭಾನುವಾರ ಗೊತ್ತಿಲ್ಲ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಅಧ್ಯಾಪಕರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಈ ಮೇಜಿನ ಮೇಲೆ ಎರಡು ಪೆಟ್ರಿ ತಟ್ಟೆ ಇಟ್ಟಿದ್ದೇನೆ. ಹಿಂದೆ ಕೂತವರಿಗೆ ಬರೀ ನೀರು ಕಾಣುತ್ತಿರಬಹುದು. ಮುಂದಿನ ಸಾಲಿನವರು ಸ್ವಲ್ಪ ಬಗ್ಗಿ ನೋಡಿದರೆ ತಳದಲ್ಲಿ ದಾರದ ತುಣುಕಿನಂಥದ್ದು ಅಂಟಿಕೊಂಡಿರುವುದು ಕಾಣುತ್ತದೆ. ಅದು ಹೈಡ್ರಾ. ಪಿಯುಸಿಯಲ್ಲಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ತೆಗೆದುಕೊಂಡು ಮರೆತುಬಿಟ್ಟ ಪ್ರಾಣಿ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಇವನ್ನು ಬ್ಲೇಡಿನಿಂದ ಅಡ್ಡಡ್ಡ ಕತ್ತರಿಸಿದ್ದೇನೆ. ಆ ತಟ್ಟೆಯಲ್ಲಿ ತಲೆಯ ತುಂಡುಗಳು, ಈ ತಟ್ಟೆಯಲ್ಲಿ ಬುಡದ ತುಂಡುಗಳು. ಕೊನೆಯಲ್ಲಿ ಇವುಗಳ ಹತ್ತಿರ ಬರುತ್ತೇನೆ.

ನನ್ನ ಕೆಲಸ ಸ್ಟೆಮ್ ಸೆಲ್ ಸಂಶೋಧನೆ. ನಾನು ಅದಕ್ಕೆ ಬಂದದ್ದೇ ಹೈಡ್ರಾದಿಂದ. ಇದೇ ಊರಿನಲ್ಲಿ ಬಿಎಸ್‌ಸಿ ಎರಡನೇ ವರ್ಷ. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಕೆರೆಯಂಚಿನಿಂದ ಜೊಂಡಿನ ಎಲೆ ಸಮೇತ ಒಂದು ಬಾಟಲಿ ನೀರು ತಂದಿದ್ದರು. ಶುಕ್ರವಾರ ಮಧ್ಯಾಹ್ನ ಪ್ರಾಕ್ಟಿಕಲ್‌ನಲ್ಲಿ ಹೈಡ್ರಾ ಕತ್ತರಿಸಿದೆವು. ಸೋಮವಾರ ಬಂದು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ಬುಡದ ತುಂಡಿಗೆ ಹೊಸ ಬಾಯಿ ಬಂದಿತ್ತು. ಬಾಯಿಯ ಸುತ್ತ ನಾಲ್ಕು ಸಣ್ಣ ಕೈಗಳು ಆಡುತ್ತಿದ್ದವು. "ಸರ್, ಇಲ್ಲಿ ತಲೆ ಬೇಕು ಅಂತ ಅದಕ್ಕೆ ಹೆಂಗೆ ಗೊತ್ತಾಯ್ತು?" ಅಂತ ಕೇಳಿದೆ. ಮೇಷ್ಟ್ರು, "ಪರೀಕ್ಷೆಗೆ ಬರಲ್ಲ ಇದು. ಆದ್ರೆ ಕೇಳಬೇಕಾದ ಪ್ರಶ್ನೆ," ಅಂದು ವಿಭಾಗದ ಪುಸ್ತಕದ ಬೀರುವಿನ ಕೀ ನನ್ನ ಕೈಗೆ ಕೊಟ್ಟರು. ಆ ಬೀರುವಿನಲ್ಲಿ ಸಿಕ್ಕಿದವನು ಅಬ್ರಹಾಂ ಟ್ರೆಂಬ್ಲಿ. ಜಿನೀವಾದವನು. ಹಾಲೆಂಡಿನ ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ. ಆ ಮಕ್ಕಳ ಜೊತೆ ಕೊಳದ ನೀರು ನೋಡುತ್ತಾ ನೋಡುತ್ತಾ ಹೈಡ್ರಾ ಕತ್ತರಿಸಿದರೆ ಎರಡಾಗುತ್ತದೆ ಅಂತ ಕಂಡುಕೊಂಡ. ಅದನ್ನು ಅಚ್ಚು ಹಾಕಿಸಿದ್ದು 1744ರಲ್ಲಿ. ಅವನು ಕಂಡದ್ದನ್ನೇ ನಾನೂ ಕಂಡಿದ್ದೆ, ಇನ್ನೂರೈವತ್ತು ವರ್ಷ ತಡವಾಗಿ. ನನಗೇನೂ ಬೇಸರ ಆಗಲಿಲ್ಲ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಈಗ ಸ್ಟೆಮ್ ಸೆಲ್ ಅಂದರೇನು ಅನ್ನುವುದಕ್ಕೆ ಬರುತ್ತೇನೆ. ಪತ್ರಿಕೆಗಳಲ್ಲಿ ಕಾಂಡಕೋಶ ಅಂತಲೂ ಆಕರಕೋಶ ಅಂತಲೂ ಬರೆಯುತ್ತಾರೆ. ನನಗೆ ಆಕರಕೋಶ ಹೆಚ್ಚು ಇಷ್ಟ. ಕಾಂಡ ಅಂದರೆ ಗಿಡ ನೆನಪಾಗುತ್ತದೆ, ಆಕರ ಅಂದರೆ ಹುಟ್ಟುವ ಜಾಗ. ನನ್ನ ಅಪ್ಪನಿಗೆ ವಿವರಿಸುವಾಗ ಎರಡೂ ಪದ ಕೆಲಸಕ್ಕೆ ಬರಲಿಲ್ಲ, ಜೋಳ ಬಂತು.

ನಮ್ಮದು ಜಗಳೂರು ಸೀಮೆ, ಮಳೆ ನಂಬಿದ ಹೊಲ. ನಾನು ಹುಟ್ಟಿದಾಗ ಅದು ಚಿತ್ರದುರ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈ ಕಡೆ ಸೇರಿತು. ಹಾಗಾಗಿ ನನ್ನನ್ನು ಎರಡೂ ಕಡೆಯವಳು ಅಂದುಕೊಳ್ಳಿ. ಸುಗ್ಗಿಯಲ್ಲಿ ರಾಶಿ ಮಾಡುವ ಮೊದಲೇ ಅಪ್ಪ ಒಳ್ಳೆ ತೆನೆಗಳನ್ನು ಆರಿಸಿ ಬೀಜಕ್ಕೆ ತೆಗೆದಿಡುತ್ತಿದ್ದರು. ಅವ್ವ ಅದಕ್ಕೆ ಬೂದಿ ಬೆರೆಸಿ ಗಡಿಗೆಯಲ್ಲಿ ತುಂಬಿ ಬಾಯಿ ಕಟ್ಟುತ್ತಿದ್ದಳು. ಮನೆಯಲ್ಲಿ ಎಂಥ ತಾಪತ್ರಯ ಬಂದರೂ ಆ ಗಡಿಗೆಗೆ ಕೈ ಹಾಕುವಂತಿರಲಿಲ್ಲ. ಮುಂದಿನ ವರ್ಷ ಅದರಲ್ಲಿ ಬೆಳೆದದ್ದರಲ್ಲಿ ಬಹುಪಾಲು ಊಟಕ್ಕೆ, ಒಂದು ಪಾಲು ಮತ್ತೆ ಗಡಿಗೆಗೆ.

ನಿಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಅಂಥದ್ದೇ ಗಡಿಗೆ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಸತ್ತದ್ದನ್ನು ತುಂಬಿಕೊಳ್ಳಲು ದೇಹ ಒಂದು ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡಬೇಕು. ನಾನು ಈ ವಾಕ್ಯ ಮುಗಿಸುವಷ್ಟರಲ್ಲಿ ನಿಮ್ಮೊಳಗೆ ಕೋಟಿ ಹುಟ್ಟಿರುತ್ತವೆ. ಇಷ್ಟೆಲ್ಲ ಬರುವುದು ಮಜ್ಜೆಯಲ್ಲಿರುವ ಕೆಲವೇ ಬೀಜದ ಕೋಶಗಳಿಂದ. ಅವು ಒಡೆದಾಗ ಒಂದು ಪಾಲು ರಕ್ತವಾಗಲು ಹೊರಡುತ್ತದೆ, ಇನ್ನೊಂದು ಪಾಲು ಬೀಜವಾಗಿಯೇ ಉಳಿಯುತ್ತದೆ. ಬೇರೆ ಆಗುವುದು, ತಾನು ತಾನಾಗಿ ಉಳಿಯುವುದು, ಎರಡೂ ಬಲ್ಲ ಕೋಶ ಸ್ಟೆಮ್ ಸೆಲ್. ಇಷ್ಟು ಹೇಳಿದ ಮೇಲೆ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಹಂಗಾರೆ ಬೀಜದ ಪಾಲು ಎಷ್ಟು, ಊಟದ ಪಾಲು ಎಷ್ಟು ಅಂತ ಲೆಕ್ಕ ಹಾಕೋರು ಯಾರು?" ನಮ್ಮ ಕ್ಷೇತ್ರದಲ್ಲಿ ನೂರಾರು ಜನ ಇವತ್ತಿಗೂ ಅದೇ ಪ್ರಶ್ನೆಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಆ ಲೆಕ್ಕ ತಪ್ಪಿದರೆ ಒಂದು ಕಡೆ ರಕ್ತಹೀನತೆ, ಇನ್ನೊಂದು ಕಡೆ ರಕ್ತದ ಕ್ಯಾನ್ಸರ್.

ಇಂಥ ಕೋಶ ಇದೆ ಅಂತ ಪ್ರಯೋಗದಲ್ಲಿ ತೋರಿಸಿದ್ದು ಕೆನಡಾದ ಟೊರಾಂಟೊದಲ್ಲಿ, 1961ರಲ್ಲಿ. ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕಲಕ್ ವೈದ್ಯ. ಅಣುಬಾಂಬಿನ ಭಯದ ಕಾಲ ಅದು. ವಿಕಿರಣದಿಂದ ಮಜ್ಜೆ ಸತ್ತುಹೋದ ಇಲಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದರೆ ಬದುಕುತ್ತದೆ ಅನ್ನುವುದು ಗೊತ್ತಿತ್ತು. ಎಷ್ಟು ಕೋಶ ಬೇಕು ಅಂತ ಅಳೆಯುವುದು ಇವರ ಕೆಲಸ. ಚುಚ್ಚಿದ ಹತ್ತನೇ ದಿನ ಭಾನುವಾರ ಬಂತು. ಮೆಕಲಕ್ ಭಾನುವಾರವೂ ಲ್ಯಾಬಿಗೆ ಹೋಗಿ ಇಲಿಗಳ ಗುಲ್ಮ ತೆಗೆದು ನೋಡಿದರು. ಮೇಲೆಲ್ಲ ಸಣ್ಣ ಸಣ್ಣ ಗಂಟು. ಬೇರೆಯವರಾದರೆ ಸೋಂಕು ಅಂತ ಬರೆದು ಬಿಸಾಡುತ್ತಿದ್ದರೇನೋ. ಅವರು ಕೂತು ಎಣಿಸಿದರು. ಹೆಚ್ಚು ಕೋಶ ಚುಚ್ಚಿದ ಇಲಿಯಲ್ಲಿ ಹೆಚ್ಚು ಗಂಟು, ಕಡಿಮೆ ಚುಚ್ಚಿದ್ದರಲ್ಲಿ ಕಡಿಮೆ, ಲೆಕ್ಕ ನೇರ ಗೆರೆಯಲ್ಲಿ ಕೂತಿತು. ಒಂದೊಂದು ಗಂಟು ಒಂದೊಂದು ಕೋಶದಿಂದ ಹುಟ್ಟಿದ್ದು ಅನ್ನುವುದು ಎರಡು ವರ್ಷದಲ್ಲಿ ಖಚಿತವಾಯಿತು. ನನ್ನ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಮೊದಲ ದಿನವೇ ಹೇಳುತ್ತೇನೆ. ಎಣಿಸಿದ್ದಕ್ಕಾಗಿ, ಮತ್ತು ಭಾನುವಾರಕ್ಕಾಗಿ.

ಯಾಕೆಂದರೆ ಈ ಕೆಲಸದ ಬಹುಪಾಲು ಅದೇ. ಮೈಸೂರಿನಲ್ಲಿ ಎಂಎಸ್‌ಸಿ ಮುಗಿಸಿ, ಎರಡನೇ ಸಲಕ್ಕೆ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿ, 2003ರಲ್ಲಿ ಬೆಂಗಳೂರಿನ ಒಂದು ಲ್ಯಾಬಿಗೆ ಪಿಎಚ್‌ಡಿಗೆ ಸೇರಿದೆ. ಊರಲ್ಲಿ ಎಲ್ಲರೂ "ಡಾಕ್ಟರ್ ಓದ್ತಾಳೆ" ಅಂದರು. ಅಪ್ಪ ಮಾತ್ರ "ಸೂಜಿ ಮಾಡೋ ಡಾಕ್ಟ್ರಲ್ಲ ಕಣ್ರಪ್ಪ, ಕಂಡುಹಿಡಿಯೋ ಡಾಕ್ಟ್ರು" ಅಂತ ತಿದ್ದುತ್ತಿದ್ದರು.

ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಕೋಶ ಬೆಳೆಸುವ ಪೆಟ್ಟಿಗೆ, ಇನ್‌ಕ್ಯುಬೇಟರ್, ಅದರ ಬಾಗಿಲು ತೆಗೆಯಬೇಕು. ಒಳಗೆ 37 ಡಿಗ್ರಿ ಶಾಖ, ಶೇಕಡ 5ರಷ್ಟು ಕಾರ್ಬನ್ ಡೈಆಕ್ಸೈಡ್. ತಾಯಿಯ ಹೊಟ್ಟೆಯೊಳಗಿನಂತೆ ಬೆಚ್ಚಗೆ, ತೇವವಾಗಿ. ಮೊದಲು ನೋಡುವುದು ಬಣ್ಣ. ಕೋಶಗಳಿಗೆ ಆಹಾರವಾಗಿ ಹಾಕುವ ದ್ರವ, ಮೀಡಿಯಂ, ಚೆನ್ನಾಗಿದ್ದಾಗ ನೀರು ಬೆರೆಸಿದ ದಾಳಿಂಬೆ ರಸದ ಹಾಗಿರುತ್ತದೆ. ಕೋಶಗಳು ಉಂಡು ಕಸ ಬಿಟ್ಟ ಹಾಗೆಲ್ಲ ಹುಳಿಯಾಗಿ ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ಅವು ಹಸಿದಿವೆ ಅಂತ ಅರ್ಥ. ಆಮೇಲೆ ಮೈಕ್ರೋಸ್ಕೋಪು. ಭ್ರೂಣದ ಸ್ಟೆಮ್ ಸೆಲ್‌ಗಳು ಒಂದಕ್ಕೊಂದು ಒತ್ತಿಕೊಂಡು ಗುಂಪಾಗಿ ಬೆಳೆಯುತ್ತವೆ. ಗುಂಪಿನ ಅಂಚು ಕತ್ತರಿಸಿಟ್ಟಂತೆ ಚೊಕ್ಕವಾಗಿದ್ದರೆ ಕ್ಷೇಮ. ಅಂಚು ಕದಡಿ, ಕೋಶಗಳು ಚಪ್ಪಟೆಯಾಗಿ ಹರಡಿಕೊಂಡಿದ್ದರೆ ಅವು ಬೀಜತನ ಬಿಟ್ಟು ಬೇರೇನೋ ಆಗಲು ಹೊರಟಿವೆ. ಅಂಥದ್ದನ್ನು ಗಾಜಿನ ಸೂಜಿಯಿಂದ ಒಂದೊಂದೇ ಕೆರೆದು ತೆಗೆಯಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಉಸಿರು ಬಿಗಿಹಿಡಿದು, ಕೆಲವು ದಿನ ಮೂರು ಗಂಟೆ.

ಇದು ದಿನಾ ಆಗಬೇಕು. ಯುಗಾದಿ, ದಸರಾ, ದೀಪಾವಳಿ, ಭಾನುವಾರ. ಕೋಶಗಳಿಗೆ ಅದೆಲ್ಲ ಗೊತ್ತಿಲ್ಲ. ಹಬ್ಬಕ್ಕೆ ಊರಿಗೆ ಬಂದು ಮಾರನೇ ದಿನವೇ ಹೊರಟಾಗ ಅವ್ವ ಕೇಳಿದಳು, "ಅದೇನ್ ಅಲ್ಲಿ ಹಸ ಕಟ್ಟಿದೀಯಾ?" ಹೌದವ್ವಾ, ಹಸ ಕಟ್ಟಿದ ಹಾಗೇ ಅಂದೆ. ಅವಳಿಗೆ ಕೂಡಲೇ ಅರ್ಥವಾಯಿತು, ಮತ್ತೆ ಯಾವತ್ತೂ ಆ ಬಗ್ಗೆ ತಗಾದೆ ಮಾಡಲಿಲ್ಲ. ಹಸು ಕಟ್ಟಿದವರಿಗೆ ರಜೆ ಇಲ್ಲ ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ತಪ್ಪಿನ ಬಗ್ಗೆ ಹೇಳಬೇಕು, ನಿಮ್ಮಲ್ಲಿ ಲ್ಯಾಬಿಗೆ ಹೋಗುವವರಿಗೆ ಉಪಯೋಗಕ್ಕೆ ಬರಲಿ ಅಂತ. ಪಿಎಚ್‌ಡಿಯ ಮೂರನೇ ವರ್ಷ. ಮೈಕೋಪ್ಲಾಸ್ಮಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ಅದಕ್ಕೆ ತಾಗುವುದಿಲ್ಲ. ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ, ಮೀಡಿಯಂ ಕದಡುವುದೂ ಇಲ್ಲ. ಕೋಶಗಳು ಬದುಕಿಯೇ ಇರುತ್ತವೆ, ಆದರೆ ನಡತೆ ಬದಲಾಗುತ್ತದೆ, ನಿಮ್ಮ ಫಲಿತಾಂಶವೆಲ್ಲ ಸುಳ್ಳಾಗುತ್ತದೆ. ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ಕೆಲಸದ ಒತ್ತಡದಲ್ಲಿ ನಾನು ಎರಡು ತಿಂಗಳು ಮಾಡಿಸಲಿಲ್ಲ. ಮೂರನೇ ತಿಂಗಳು ಮಾಡಿಸಿದಾಗ ಸೋಂಕು ಸಿಕ್ಕಿತು. ನನ್ನ ತಟ್ಟೆಗಳಲ್ಲಷ್ಟೇ ಅಲ್ಲ, ಅದೇ ಇನ್‌ಕ್ಯುಬೇಟರ್ ಬಳಸುತ್ತಿದ್ದ ಇನ್ನಿಬ್ಬರದರಲ್ಲೂ. ಒಬ್ಬಳ ಪ್ರಬಂಧ ಮುಗಿಯುವ ಹಂತದಲ್ಲಿತ್ತು. ಅವತ್ತೇ ಗೈಡ್ ಹತ್ತಿರ ಹೋಗಿ ಹೇಳಿದೆ, ಆಮೇಲೆ ಆ ಇಬ್ಬರ ಹತ್ತಿರ ಹೋದೆ. ಎಲ್ಲ ತಟ್ಟೆಗಳನ್ನು ಆಟೋಕ್ಲೇವಿಗೆ ಹಾಕಿ ಸಾಯಿಸಿದೆವು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟಿದ್ದ ಹಳೆಯ ಸೀಸೆಗಳನ್ನು ತೆಗೆದು ಮೊದಲಿಂದ ಶುರು ಮಾಡಿದೆವು. ಅಲ್ಲಿಯೂ ಬೀಜದ ಗಡಿಗೆಯೇ ಕಾಪಾಡಿದ್ದು. ಆ ಗೆಳತಿಯ ಐದು ತಿಂಗಳು ಹೋಯಿತು. ಇವತ್ತಿಗೂ ನನ್ನ ಲ್ಯಾಬಿನಲ್ಲಿ ತಿಂಗಳ ಮೊದಲ ಸೋಮವಾರ ಆ ಪರೀಕ್ಷೆ ಮುಗಿಯದೆ ಯಾರೂ ಬೇರೆ ಕೆಲಸ ಮುಟ್ಟುವುದಿಲ್ಲ.

ಅದೇ ವರ್ಷಗಳಲ್ಲಿ ಹೊರಗಿನ ಜಗತ್ತಿನಲ್ಲೂ ದೊಡ್ಡದೊಂದು ನಡೆಯುತ್ತಿತ್ತು. ಅದಕ್ಕೆ ಚಿತ್ರದುರ್ಗದ ಕೋಟೆಗೆ ಹೋಗಿಬರಬೇಕು. ಕೋಟೆಯಲ್ಲಿ ಹೊಂಡಗಳಿವೆಯಲ್ಲ, ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ ತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ. ಮಳೆನೀರು ಒಂದರಿಂದ ಒಂದಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ತಾಯಿಯ ಗರ್ಭದಲ್ಲಿ ಮೊದಲ ಕೋಶ ಗೋಪಾಲಸ್ವಾಮಿ ಹೊಂಡದ ನೀರಿನ ಹಾಗೆ, ಎಲ್ಲಿಗೆ ಬೇಕಾದರೂ ಹರಿಯಬಹುದು. ಇಳಿಯುತ್ತಾ ಇಳಿಯುತ್ತಾ ದಾರಿ ಕಿರಿದಾಗುತ್ತದೆ. ಕೊನೆಗೆ ಚರ್ಮ ಚರ್ಮವೇ, ನರ ನರವೇ. ಸಂತೆ ಹೊಂಡದ ನೀರು ತಾನಾಗಿ ಗುಡ್ಡ ಹತ್ತುವುದಿಲ್ಲ. ಜೀವವಿಜ್ಞಾನದಲ್ಲಿ ಬಹುಕಾಲ ಹೀಗೇ ನಂಬಿದ್ದರು.

ಇದನ್ನು ಮೊದಲು ಅಲುಗಾಡಿಸಿದವರು ಇಂಗ್ಲೆಂಡಿನ ಜಾನ್ ಗರ್ಡನ್. ಕಪ್ಪೆಮರಿಯ ಕರುಳಿನ ಕೋಶದಿಂದ ಕೋಶಕೇಂದ್ರ ತೆಗೆದು, ಕೇಂದ್ರ ನಾಶಮಾಡಿದ ಕಪ್ಪೆಮೊಟ್ಟೆಗೆ ಹಾಕಿದರು. ಆ ಮೊಟ್ಟೆಯಿಂದ ಈಜುವ ಮರಿ ಬಂತು. ಪ್ರಬಂಧ 1962ರದು. ಕರುಳಿನ ಕೋಶ ತನ್ನ ಹಳೆಯ ಪಾಠ ಮರೆತಿರಲಿಲ್ಲ. ಇಲ್ಲಿ ಪೋಷಕರಿಗೆ ಒಂದು ಮಾತು. ಗರ್ಡನ್ ಶಾಲೆಯಲ್ಲಿದ್ದಾಗ ಜೀವಶಾಸ್ತ್ರದಲ್ಲಿ 250 ಹುಡುಗರಲ್ಲಿ ಕೊನೆಯವರು. ವಿಜ್ಞಾನಿಯಾಗುವ ಆಸೆ ಇವನಿಗೆ ತರವಲ್ಲ ಅಂತ ಮೇಷ್ಟ್ರು ವರದಿಯಲ್ಲಿ ಬರೆದಿದ್ದರು. ಆ ಕಾಗದವನ್ನು ಅವರು ಜೀವನಪೂರ್ತಿ ಕಾಪಾಡಿಕೊಂಡಿದ್ದರು. ದಾವಣಗೆರೆಯಲ್ಲಿ ನೀಟ್ ಅಂಕ ಕಡಿಮೆ ಬಂದ ಮಕ್ಕಳ ಮುಖ ಜೂನ್ ತಿಂಗಳಲ್ಲಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಮೆಡಿಕಲ್ ಸೀಟು ಸಿಗದೆ ಬಿಎಸ್‌ಸಿಗೆ ಬಂದ ಮಗುವನ್ನು ದಯವಿಟ್ಟು ಸೋತವರ ಲೆಕ್ಕಕ್ಕೆ ಹಾಕಬೇಡಿ.

ಗರ್ಡನ್ ಪ್ರಬಂಧ ಬಂದ 1962ರಲ್ಲೇ ಜಪಾನಿನಲ್ಲಿ ಶಿನ್ಯಾ ಯಮನಾಕ ಹುಟ್ಟಿದರು. ಮೂಳೆ ಶಸ್ತ್ರಚಿಕಿತ್ಸಕರಾಗಲು ಹೊರಟವರು. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವ ಆಪರೇಷನ್‌ಗೆ ಅವರಿಗೆ ಎರಡು ಗಂಟೆ ಹಿಡಿಯುತ್ತಿತ್ತಂತೆ. ಅದು ಬಿಟ್ಟು ಸಂಶೋಧನೆಗೆ ಬಂದರು. ಭ್ರೂಣದ ಸ್ಟೆಮ್ ಸೆಲ್‌ಗಳಲ್ಲಿ ಮುಖ್ಯವೆನಿಸಿದ 24 ಜೀನ್‌ಗಳನ್ನು ಪಟ್ಟಿ ಮಾಡಿಕೊಂಡರು. ಒಂದೊಂದಾಗಿ ಹಾಕಿದರೆ ಏನೂ ಆಗಲಿಲ್ಲ. ಅವರ ಲ್ಯಾಬಿನ ಕಜುತೋಶಿ ತಕಹಾಶಿ ಎಲ್ಲ 24ನ್ನೂ ಒಟ್ಟಿಗೆ ಇಲಿಯ ಚರ್ಮಕೋಶಕ್ಕೆ ಹಾಕಿದಾಗ ಸ್ಟೆಮ್ ಸೆಲ್ ಗುಂಪುಗಳು ಎದ್ದವು. ಆಮೇಲೆ ಒಂದೊಂದನ್ನೇ ಬಿಟ್ಟು ನೋಡುತ್ತಾ ಹೋದರು. ಯಾವುದನ್ನು ಬಿಟ್ಟರೆ ಕೆಲಸ ಕೆಡುತ್ತದೆ? ಸಾರು ಕೆಟ್ಟಾಗ ಅವ್ವಂದಿರು ಹುಡುಕುವ ರೀತಿ. ಕೊನೆಗೆ ಉಳಿದದ್ದು ನಾಲ್ಕೇ ಜೀನ್: ಆಕ್ಟ್-3/4, ಸಾಕ್ಸ್-2, ಕೆಎಲ್‌ಎಫ್-4, ಸಿ-ಮಿಕ್. ಆ ನಾಲ್ಕು ಸೇರಿ ಸಂತೆ ಹೊಂಡದ ನೀರನ್ನು ಗೋಪಾಲಸ್ವಾಮಿ ಹೊಂಡಕ್ಕೆ ಹತ್ತಿಸಿದವು.

2006ರ ಆಗಸ್ಟಿನಲ್ಲಿ ಆ ಪ್ರಬಂಧ ಬಂದಾಗ ನಮ್ಮ ಲ್ಯಾಬಿನಲ್ಲಿ ಅದನ್ನು ಓದಿ ಹೇಳುವ ಸರದಿ ನನ್ನದಾಗಿತ್ತು. ನಾನು ಮುಗಿಸಿದ ಮೇಲೆ ಕೋಣೆಯಲ್ಲಿ ಯಾರೂ ನಂಬಲಿಲ್ಲ. ಕಾರಣವಿತ್ತು. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ ಕ್ಲೋನ್ ಮಾಡಿದ ಮನುಷ್ಯ ಭ್ರೂಣದಿಂದ ಸ್ಟೆಮ್ ಸೆಲ್ ಪಡೆದಿದ್ದೇನೆ ಅಂತ 2004ರಲ್ಲಿ, ರೋಗಿಗಳ ಕೋಶದಿಂದಲೇ ಅದನ್ನು ಮಾಡಿದ್ದೇನೆ ಅಂತ 2005ರಲ್ಲಿ ಪ್ರಕಟಿಸಿದ್ದರು. ಅವರ ದೇಶದಲ್ಲಿ ಅಂಚೆಚೀಟಿಯೂ ಬಂದಿತ್ತು. ಎಲ್ಲ ಕಟ್ಟುಕಥೆ ಅಂತ ಗೊತ್ತಾಗಿ 2006ರ ಜನವರಿಯಲ್ಲಿ ಎರಡೂ ಪ್ರಬಂಧ ವಾಪಸಾದವು. ಹಾಗಾಗಿ ಯಮನಾಕ ಪ್ರಬಂಧಕ್ಕೆ ನಮ್ಮ ಗೈಡ್ ಹೇಳಿದ್ದು ಇಷ್ಟೇ: "ಬೇರೆಯವರ ಕೈಯಲ್ಲೂ ಬರಲಿ, ನೋಡೋಣ." ಮರುವರ್ಷವೇ ಬೇರೆ ಲ್ಯಾಬುಗಳ ಕೈಯಲ್ಲೂ ಬಂತು. 2007ರ ನವೆಂಬರಿನಲ್ಲಿ ಮನುಷ್ಯ ಕೋಶದಲ್ಲೂ ಆಯಿತು. 2012ರಲ್ಲಿ ಗರ್ಡನ್, ಯಮನಾಕ ಇಬ್ಬರಿಗೂ ನೊಬೆಲ್. ಈ ನಾಲ್ಕು ಜೀನ್ ನಮ್ಮ ಲ್ಯಾಬಿನಲ್ಲಿ ಮೊದಲು ಕೆಲಸ ಮಾಡಿದ್ದು ಯಮನಾಕ ಬರೆದದ್ದನ್ನು ಒಂದಕ್ಷರ ಬಿಡದೆ ಪಾಲಿಸಿದಾಗ. ದೂರದ ಜಪಾನಿನಲ್ಲಿ ಬರೆದದ್ದು ಬೆಂಗಳೂರಿನಲ್ಲಿ ಹಾಗೆಯೇ ಫಲಿಸಿತಲ್ಲ, ನನ್ನ ವೃತ್ತಿಯಲ್ಲಿ ನಾನು ಅತ್ಯಂತ ಗೌರವಿಸುವುದು ಅದನ್ನೇ.

ಒಂದು ರಾತ್ರಿಯ ವಿಷಯ. ಆ ಹೊತ್ತಿಗೆ ವಿದೇಶದಲ್ಲಿ ಐದು ವರ್ಷ ಕೆಲಸ ಮಾಡಿ ವಾಪಸು ಬಂದು ನನ್ನದೇ ಸಣ್ಣ ಲ್ಯಾಬು ಶುರು ಮಾಡಿದ್ದೆ. ಒಬ್ಬರ ರಕ್ತದಿಂದ ಮಾಡಿದ ಸ್ಟೆಮ್ ಸೆಲ್‌ಗಳನ್ನು ಹೃದಯದ ಕೋಶಗಳಾಗಿಸಲು ಹೊರಟಿದ್ದೆವು. ಎಂಟು ದಿನ ಏನೂ ಇಲ್ಲ. ಒಂಬತ್ತನೇ ದಿನ ರಾತ್ರಿ ಹತ್ತಕ್ಕೆ ಮೀಡಿಯಂ ಬದಲಿಸುವ ಮುಂಚೆ ಸುಮ್ಮನೆ ಕಣ್ಣಿಟ್ಟೆ. ತಟ್ಟೆಯ ಒಂದು ಮೂಲೆಯಲ್ಲಿ, ಸಾಸಿವೆಗಿಂತ ಚಿಕ್ಕ ಜಾಗದಲ್ಲಿ, ಏನೋ ಮಿಡಿಯಿತು. ನನ್ನ ಕೈ ನಡುಗಿತೇನೋ ಅಂದುಕೊಂಡು ಮೇಜಿನಿಂದ ಕೈ ತೆಗೆದೆ. ಮತ್ತೆ ಮಿಡಿಯಿತು. ಗಡಿಯಾರ ನೋಡಿಕೊಂಡು ಎಣಿಸಿದೆ, ನಿಮಿಷಕ್ಕೆ 40. ಹೃದಯ ಇಲ್ಲ, ರಕ್ತ ಇಲ್ಲ, ನರ ಇಲ್ಲ. ಬಡಿತ ಮಾತ್ರ ಇತ್ತು. ಕಾರಿಡಾರಿನಲ್ಲಿದ್ದ ಸೆಕ್ಯೂರಿಟಿಯವರನ್ನು ಕರೆದು ತೋರಿಸಿದೆ, ಯಾರಿಗಾದರೂ ತೋರಿಸದೆ ಇರಲಾಗಲಿಲ್ಲ. ಅವರು ಬಹಳ ಹೊತ್ತು ನೋಡಿ, "ಇದು ಯಾರದು ಮೇಡಂ?" ಅಂತ ಕೇಳಿದರು. ನಾನು ಅವತ್ತಿನವರೆಗೆ ಹಾಗೆ ಯೋಚಿಸಿರಲಿಲ್ಲ. ತಟ್ಟೆಯ ಮೇಲೆ ಒಂದು ಸಂಖ್ಯೆ ಬರೆದಿತ್ತು, ಅಷ್ಟೇ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ದಿನ ಬಂತು. ಹೊಳಲ್ಕೆರೆ ಕಡೆ ಇರುವ ನಮ್ಮ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಅವಳ ಮಗನಿಗೆ ಡುಶೆನ್ ಮಸ್ಕುಲರ್ ಡಿಸ್ಟ್ರೊಫಿ, ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಸ್ನಾಯು ಕ್ಷೀಣಿಸುವ ಕಾಯಿಲೆ. ಡಿಸ್ಟ್ರೊಫಿನ್ ಅನ್ನುವ ಪ್ರೋಟೀನಿನ ಜೀನ್ ಕೆಟ್ಟಿರುತ್ತದೆ, ಹತ್ತು ಹನ್ನೆರಡು ವಯಸ್ಸಿನ ಹೊತ್ತಿಗೆ ಹೆಚ್ಚಿನವರಿಗೆ ನಡಿಗೆ ನಿಲ್ಲುತ್ತದೆ. ಅವಳು ಕೇಳಿದ್ದು: "ಅಕ್ಕಾ, ನೀನು ಮಾಡೋದು ಅದೇ ಸ್ಟೆಮ್ ಸೆಲ್ ಕೆಲ್ಸ ಅಲ್ವಾ? ಮೂರು ಸಲ ಹಾಕ್ಸಿದ್ವಿ. ನಾಲ್ಕನೇದು ಹಾಕ್ಸಿದ್ರೆ ಎದ್ದು ನಡೀತಾನೆ ಅಂತಾರೆ. ಹಾಕ್ಸೋಣಾ?"

ಬೇರೆ ರಾಜ್ಯದ ಯಾವುದೋ ಕ್ಲಿನಿಕ್. ಒಂದೂವರೆ ಎಕರೆ ಅಡಿಕೆ ತೋಟ ಆಗಲೇ ಒತ್ತೆ ಹೋಗಿತ್ತು. ನಾನು ಬೇಡ ಅಂದೆ. ಅವಳು ಅಳಲಿಲ್ಲ. "ಹೋದ ದೀಪಾವಳಿಗೆ ಬಂದಾಗ ಸ್ಟೆಮ್ ಸೆಲ್ ಬಗ್ಗೆ ಅಷ್ಟು ಮಾತಾಡಿದೆ. ಅವಾಗ್ಲೇ ಯಾಕೆ ಹೇಳ್ಲಿಲ್ಲ?" ಅಂದಳು. ಅವಳು ಹೇಳಿದ್ದು ನಿಜ. ಅವಳ ಮನೆಯಲ್ಲಿ ಕೂತು ಮಿಡಿಯುವ ಕೋಶದ ವಿಡಿಯೋ ತೋರಿಸಿದ್ದೆ. ಮುಂದೊಂದು ದಿನ ಏನೇನು ಆಗಬಹುದು ಅಂತ ಹೇಳಿದ್ದೆ. ಇವತ್ತು ಏನು ಆಗುವುದಿಲ್ಲ ಅನ್ನುವುದನ್ನು ಹೇಳಿರಲಿಲ್ಲ. ಆ ಹುಡುಗ ಆಗ ಗೋಡೆ ಹಿಡಿದು ಅಡುಗೆಮನೆಗೆ ನಡೆದುಹೋದದ್ದನ್ನು ನೋಡಿದ್ದೆ, ಆದರೂ ಹೇಳಿರಲಿಲ್ಲ. ಆ ಫೋನಿನ ನಂತರವೇ ನಾನು ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ, ಬೆಂಗಳೂರು ಬಿಟ್ಟು ನಮ್ಮ ಊರುಗಳಲ್ಲಿ ಈ ಮಾತು ಆಡಲು ಶುರು ಮಾಡಿದ್ದು.

ಆದ್ದರಿಂದ ಪೋಷಕರು ಇಷ್ಟನ್ನು ನೆನಪಿಟ್ಟುಕೊಳ್ಳಿ. ರಕ್ತ ಮತ್ತು ರೋಗನಿರೋಧಕ ವ್ಯವಸ್ಥೆಯ ಕಾಯಿಲೆಗಳಿಗೆ, ಅಂದರೆ ತಲಸ್ಸೀಮಿಯಾ, ಕೆಲವು ರಕ್ತದ ಕ್ಯಾನ್ಸರ್, ಅಪ್ಲಾಸ್ಟಿಕ್ ಅನೀಮಿಯಾ ಇಂಥವಕ್ಕೆ, ಮಜ್ಜೆಯ ಸ್ಟೆಮ್ ಸೆಲ್ ಕಸಿ ಒಪ್ಪಿತ ಚಿಕಿತ್ಸೆ. ಅದಕ್ಕೆ ದಾರಿ ಮಾಡಿದ ಡೊನಾಲ್ ಥಾಮಸ್‌ಗೆ 1990ರಲ್ಲಿ ನೊಬೆಲ್ ಬಂತು. ಕಣ್ಣಿನ ಕರಿಗುಡ್ಡೆಯ ಅಂಚಿನ ಸ್ಟೆಮ್ ಸೆಲ್ ಕಸಿಯಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಜಗತ್ತಿಗೇ ಮಾದರಿ. ಸುಣ್ಣ, ಆಸಿಡ್ ಬಿದ್ದು ಕುರುಡಾದವರಿಗೆ ದೃಷ್ಟಿ ಬಂದದ್ದಿದೆ. ಬೀಡಿ ಸಿಗರೇಟಿನವರ ಕಾಲಿನ ರಕ್ತನಾಳ ಮುಚ್ಚಿಹೋಗುವ ಬರ್ಗರ್ ಕಾಯಿಲೆಗೆ ಬೆಂಗಳೂರಿನ ಸಂಸ್ಥೆಯೊಂದು ಮಾಡಿದ ಕೋಶೌಷಧಕ್ಕೂ ಅನುಮತಿ ಸಿಕ್ಕಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಹೀಗೆ ಅನುಮತಿ ಸಿಗದ ಯಾವುದನ್ನೂ ಒಪ್ಪಿಗೆ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬಹುದು. ಟ್ರಯಲ್‌ಗೆ ಸೇರುವವರಿಂದ ಹಣ ಪಡೆಯುವಂತಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಡುಶೆನ್‌ಗೆ ಸ್ಟೆಮ್ ಸೆಲ್ ಹಾಕುತ್ತೇವೆ, ಇಷ್ಟು ಲಕ್ಷ ಕೊಡಿ ಅಂದರೆ ಎದ್ದು ಬನ್ನಿ. ನನ್ನ ತಂಗಿಯ ಮಗನಿಗೆ ಈಗ ಸ್ಟಿರಾಯ್ಡ್, ಫಿಸಿಯೋಥೆರಪಿ, ವರ್ಷಕ್ಕೊಮ್ಮೆ ಹೃದಯದ ತಪಾಸಣೆ ನಡೆಯುತ್ತಿದೆ. ಅವು ಕಾಯಿಲೆ ವಾಸಿ ಮಾಡುವುದಿಲ್ಲ, ಆದರೆ ನಡೆಯುವ ವರ್ಷಗಳನ್ನು ಹೆಚ್ಚಿಸುತ್ತವೆ ಅನ್ನುವುದಕ್ಕೆ ಆಧಾರ ಇದೆ.

"ಇನ್ನೂ ಇಲ್ಲ" ಅನ್ನುವುದು "ಇದೆ" ಆಗುವುದನ್ನೂ ನಾವು ನೋಡುತ್ತಿದ್ದೇವೆ. ಹಿಮೋಫಿಲಿಯಾ ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಇದೇ ದಾವಣಗೆರೆಯಲ್ಲಿ, ಡಾ. ಸುರೇಶ್ ಹನಗವಾಡಿ ಅವರು ಕಟ್ಟಿ ಬೆಳೆಸಿದ್ದು. ಹಿಮೋಫಿಲಿಯಾ ಮನೆಗಳಲ್ಲಿ ಮಗು ಬಿದ್ದರೆ ತಾಯಿ ಹೇಗೆ ಓಡಿಬರುತ್ತಾಳೆ ಅನ್ನುವುದು ಈ ಊರಿನ ಅನೇಕರಿಗೆ ಗೊತ್ತು. ವೆಲ್ಲೂರಿನ ಸಿಎಂಸಿಯಲ್ಲಿ ಅಲೋಕ್ ಶ್ರೀವಾಸ್ತವ ಅವರ ತಂಡ ತೀವ್ರ ಹಿಮೋಫಿಲಿಯಾ-ಎ ಇದ್ದ 5 ಜನರ ರಕ್ತದ ಸ್ಟೆಮ್ ಸೆಲ್‌ಗಳನ್ನು ಹೊರತೆಗೆದು, ಅವುಗಳಿಗೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್-8 ಪ್ರೋಟೀನ್ ತಯಾರಿಸುವ ಜೀನ್ ಸೇರಿಸಿ, ಅವರಿಗೇ ವಾಪಸು ಕೊಟ್ಟಿತು. ಗಮನಿಸಿದ ಅವಧಿಯಲ್ಲಿ ಐವರಲ್ಲಿ ಯಾರಿಗೂ ರಕ್ತಸ್ರಾವ ಮರುಕಳಿಸಲಿಲ್ಲ ಅಂತ 2024ರ ಡಿಸೆಂಬರಿನಲ್ಲಿ ವರದಿಯಾಯಿತು. ಐದೇ ಜನ, ಇನ್ನೂ ಹೆಚ್ಚು ಜನರಲ್ಲಿ, ಹೆಚ್ಚು ವರ್ಷ ನೋಡಬೇಕು. ಆದರೆ ಇದು ನಮ್ಮಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಆದದ್ದು. ಅದರ ಹಿಂದೆ ಮೀಡಿಯಂ ಬದಲಿಸಿದ ಎಷ್ಟೋ ಭಾನುವಾರಗಳಿವೆ.

ವಿದ್ಯಾರ್ಥಿಗಳು ಚೀಟಿಯಲ್ಲಿ ಕೇಳಿರುವುದಕ್ಕೆ ಬೇಗ ಬೇಗ ಉತ್ತರಿಸುತ್ತೇನೆ. ಬಿಎಸ್‌ಸಿ ಯಾವ ಊರಿನಲ್ಲಿ ಅನ್ನುವುದು ಮುಖ್ಯವಲ್ಲ. ಎಂಎಸ್‌ಸಿಗೆ ಜಾಮ್ ಅಥವಾ ಗ್ಯಾಟ್-ಬಿ ಪ್ರವೇಶ ಪರೀಕ್ಷೆ ಬರೆಯಿರಿ, ನಮ್ಮ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಓದಿಯೂ ಮುಂದೆ ಹೋಗಬಹುದು. ಪಿಎಚ್‌ಡಿಗೆ ಸಿಎಸ್‌ಐಆರ್-ಯುಜಿಸಿ ನೆಟ್, ಜೀಬಿಲ್ಸ್ ಪರೀಕ್ಷೆಗಳಿವೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಸಂಶೋಧನಾ ಸಂಸ್ಥೆಗಳಾದ ಇನ್‌ಸ್ಟೆಮ್, ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ವೆಲ್ಲೂರಿನ ಸ್ಟೆಮ್ ಸೆಲ್ ಕೇಂದ್ರ, ಇವೆಲ್ಲ ನೋಡಿ. ಫೆಲೋಶಿಪ್ 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಐದಾರು ವರ್ಷ ಪಿಎಚ್‌ಡಿ, ಆಮೇಲೆ ಮೂರರಿಂದ ಐದು ವರ್ಷ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಕಾಯಂ ಕೆಲಸ ಸಿಗುವಾಗ ಮೂವತ್ತೈದು ದಾಟಿರಬಹುದು, ಸಿಗದೆಯೂ ಇರಬಹುದು. ಇದನ್ನು ಮುಚ್ಚಿಡುವುದಿಲ್ಲ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗಿ, ಬಾಡಿಗೆಗೆ ಸ್ನೇಹಿತರ ಹತ್ತಿರ ಕೈಚಾಚಿದ ಕಾಲ ನನ್ನದೂ ಇದೆ. ಅದು ಸರಿಯಾಗಲೇಬೇಕಾದ ಅನ್ಯಾಯ. ಎಲ್ಲರೂ ಪ್ರೊಫೆಸರ್ ಆಗಬೇಕೆಂದಿಲ್ಲ. ಐವಿಎಫ್ ಕೇಂದ್ರಗಳಲ್ಲಿ ಎಂಬ್ರಿಯಾಲಜಿಸ್ಟ್, ಕೋಶಚಿಕಿತ್ಸೆ ತಯಾರಿಸುವ ಕಂಪನಿಗಳಲ್ಲಿ ಗುಣಮಟ್ಟ ವಿಭಾಗ, ಟ್ರಯಲ್‌ಗಳ ಮೇಲ್ವಿಚಾರಣೆ, ಎಲ್ಲದಕ್ಕೂ ಕೋಶ ಸಾಕಲು ಬಲ್ಲ ಕೈ ಬೇಕು.

ಕನ್ನಡ ಮಾಧ್ಯಮದವರು ಕೇಳಿದ್ದೀರಿ. ನಾನು ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಪಿಎಚ್‌ಡಿಯ ಮೊದಲ ವರ್ಷ ಪ್ರೋಟೊಕಾಲ್ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕನ್ನಡದಲ್ಲಿ "ಇಲ್ಲಿ ಅವಸರ ಬೇಡ", "ತಟ್ಟೆ ಅಲುಗಿಸಬೇಡ" ಅಂತ ಬರೆದುಕೊಳ್ಳುತ್ತಿದ್ದೆ. ಆ ಪುಸ್ತಕ ಈಗಲೂ ಇದೆ. ಮದುವೆ ಬಗ್ಗೆ ಕೇಳಿದ ಚೀಟಿಗೆ: ಮಗಳು ಹುಟ್ಟಿದ ವರ್ಷ ನನ್ನ ಕೋಶಗಳಿಗೆ ಭಾನುವಾರ ಮೀಡಿಯಂ ಹಾಕಿದ್ದು ನನ್ನ ಗಂಡ, ಅವರು ಬ್ಯಾಂಕಿನವರು, ಕಲಿತುಕೊಂಡು ಹಾಕಿದರು. ಆ ಸಹಾಯ ಇಲ್ಲದೆ ಕೆಲಸ ಬಿಟ್ಟ ಗೆಳತಿಯರು ನನಗಿಂತ ಜಾಣೆಯರು. ಮನೆಯವರು ಇದನ್ನು ಕೇಳಿಸಿಕೊಳ್ಳಬೇಕು. ಅಧ್ಯಾಪಕರಿಗೆ ಒಂದು ವಿಷಯ: ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಐಐಎಸ್‌ಸಿಯ ಆವರಣವಿದೆ, ಅಲ್ಲಿ ಶಿಕ್ಷಕರಿಗೆ ಪ್ರಯೋಗದ ತರಬೇತಿ ಕೊಡುತ್ತಾರೆ. ಹೋಗಿಬನ್ನಿ.

ಇನ್ನು ಹೈಡ್ರಾ. ಇವತ್ತು ಗುರುವಾರ. ಈ ಎರಡು ತಟ್ಟೆಗಳನ್ನು ಇಲ್ಲೇ ಬಿಟ್ಟುಹೋಗುತ್ತೇನೆ. ನಲ್ಲಿ ನೀರು ಹಾಕಬೇಡಿ, ಅದರ ಕ್ಲೋರಿನ್‌ಗೆ ಸಾಯುತ್ತವೆ. ಜೊತೆಗೆ ಒಂದು ಬಾಟಲಿ ಸೋಸಿದ ಕೆರೆ ನೀರು ತಂದಿದ್ದೇನೆ. ದಿನಕ್ಕೊಂದು ಸಲ ಅರ್ಧ ನೀರು ತೆಗೆದು ಅರ್ಧ ಹಾಕಬೇಕು, ಡ್ರಾಪರಿನಲ್ಲಿ, ತುಂಡುಗಳ ಮೇಲೆ ನೇರ ಬೀಳದ ಹಾಗೆ. ಬಿಸಿಲಿಗೆ ಇಡಬೇಡಿ. ಬುಡದ ತುಂಡುಗಳಲ್ಲಿ ಶನಿವಾರದ ಹೊತ್ತಿಗೆ ಮೊಗ್ಗಿನಂತೆ ಕೈ ಮೂಡಬೇಕು, ಭಾನುವಾರ ಎಣಿಸುವಷ್ಟಾಗುತ್ತವೆ. ಎಷ್ಟು ತುಂಡು, ಪ್ರತಿಯೊಂದಕ್ಕೆ ಎಷ್ಟು ಕೈ, ಎಷ್ಟು ಗಂಟೆಗೆ ನೋಡಿದಿರಿ, ಬರೆದಿಡಿ. ಭಾನುವಾರ ಪ್ರಯೋಗಾಲಯದ ಕೀ ಯಾರ ಹತ್ತಿರ ಇರುತ್ತದೆ? ಈಗಲೇ ಕೈ ಎತ್ತಿ, ಹೆಸರು ಬರೆದುಕೊಳ್ಳುತ್ತೇನೆ.